ಏಪ್ರಿಲ್‌ನಲ್ಲಿ ಉಕ್ಕಿತು, ಡಿಸೆಂಬರ್‌ನಲ್ಲಿ ಹೆರೆಗಟ್ಟಿತು: ಮನೆ ಸೋಪಿಗೆ ಎಷ್ಟು ಬಿಸಿ ಸರಿ?

ಪ್ರಶ್ನೆ: ಮೇಡಂ, ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮನೆ ಬಳಕೆಗೆ ಕಾಫಿ ಸೋಪು ಮಾಡುವ ಹುಚ್ಚು ಹತ್ತಿದೆ. ನನ್ನ ಅಳತೆ: ಅರಸೀಕೆರೆಯಿಂದ ತರಿಸಿದ ಗಾಣದ ಕೊಬ್ಬರಿ ಎಣ್ಣೆ 400 ಗ್ರಾಂ, ಸೂರ್ಯಕಾಂತಿ ಎಣ್ಣೆ 400, ಮುರುಗಲು ತುಪ್ಪ (ಪುನರ್ಪುಳಿ ಬೀಜದ್ದು) 120, ಹರಳೆಣ್ಣೆ 80. ಕಾಸ್ಟಿಕ್ ಸೋಡಾ 146 ಗ್ರಾಂ, ನೀರಿನ ಬದಲು ಆರಿದ ಡಿಕಾಕ್ಷನ್ 300 ಗ್ರಾಂ, ಜೇನು ಎರಡು ಚಮಚ. ಏಪ್ರಿಲ್‌ನಲ್ಲಿ ಎಣ್ಣೆ, ಲೈ (ಸೋಡಾ ಕರಗಿಸಿದ ಡಿಕಾಕ್ಷನ್) ಎರಡೂ ಸರಿಯಾಗಿ 50 ಡಿಗ್ರಿಗೆ ಬಂದಾಗ ಸೇರಿಸಿದೆ. ಕಂಬಳಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಎರಡು ಗಂಟೆಯಲ್ಲಿ ನಡು ಉಬ್ಬಿ ಬಿರುಕು ಬಿಟ್ಟು ಎಣ್ಣೆಯಂಥದ್ದು ಹೊರಗೆ ಬಂತು. ಹೆದರಿಕೊಂಡು ಡಿಸೆಂಬರ್‌ನಲ್ಲಿ ಎಲ್ಲ ತಣ್ಣಗೇ ಮಾಡೋಣ ಅಂತ ಲೈಯನ್ನು ಹಿಂದಿನ ರಾತ್ರಿಯೇ ಕಲಸಿ ಜಗಲಿಯಲ್ಲಿಟ್ಟೆ. ಬೆಳಿಗ್ಗೆ ಅದು 16 ಡಿಗ್ರಿ, ಎಣ್ಣೆ 38. ಬ್ಲೆಂಡರ್ ಆಡಿಸಿ ಒಂದು ನಿಮಿಷ ಆಗಿಲ್ಲ, ಇಡ್ಲಿ ಹಿಟ್ಟಿನಷ್ಟು ಗಟ್ಟಿ! ಮರುದಿನ ಮೇಲೆ ಎಣ್ಣೆ ಪಸೆ, ಒಳಗೆ ಬಿಳಿ ಚುಕ್ಕೆ, ಮೋಲ್ಡಿನ ತಳದಲ್ಲಿ ನೀರು. ಅರಿಶಿನ ಹಚ್ಚಿ ನೋಡಿದರೆ ಕೆಂಪಾಯಿತು. ಎರಡು ಸಲದ್ದೂ ಡಬ್ಬದಲ್ಲಿ ಹಾಗೇ ಇದೆ. ಎಣ್ಣೆ, ಲೈ ಎರಡೂ ಒಂದೇ ಡಿಗ್ರಿ ಇರಲೇಬೇಕಾ? ಕಂಬಳಿ ಹೊದಿಸಬೇಕಾ, ಫ್ರಿಜ್‌ನಲ್ಲಿಡಬೇಕಾ? ಎಷ್ಟು ಡಿಗ್ರಿ ಅಂತ ಒಂದು ಸಂಖ್ಯೆ ಹೇಳಿಬಿಡಿ.

ಉತ್ತರ: ನಿಮ್ಮ ಅಳತೆಯನ್ನು ಕೂತು ಲೆಕ್ಕ ಹಾಕಿದೆ. ಕಾಸ್ಟಿಕ್ ಸೋಡಾ ಸರಿಯಾಗಿದೆ, ಎಣ್ಣೆಯಲ್ಲಿ ಶೇಕಡಾ 5ರಷ್ಟು ಸೋಪಾಗದೆ ಉಳಿಯುವಂತಿದೆ. ಹಾಗಾಗಿ ಅಳತೆಯಲ್ಲಿ ತಪ್ಪಿಲ್ಲ, ಕೈಯಲ್ಲೂ ತಪ್ಪಿಲ್ಲ. ಒಂದೇ ಅಳತೆ ಬೇಸಿಗೆಯಲ್ಲಿ ಒಂದು ಥರ, ಚಳಿಯಲ್ಲಿ ಇನ್ನೊಂದು ಥರ ಕೈಕೊಟ್ಟಿದೆ. ಒಂದೇ ಸಂಖ್ಯೆ ಹೇಳಿ ಅಂದಿರಿ. ಅದನ್ನು ಹೇಳಿದರೆ ಏಪ್ರಿಲ್‌ಗೋ ಡಿಸೆಂಬರ್‌ಗೋ ಮತ್ತೆ ಕೈಕೊಡುತ್ತದೆ. ನಿಮ್ಮ ಎಣ್ಣೆಗೆ ಇದಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ಒಂದು ಮಿತಿ ಇದೆ, ಇದಕ್ಕಿಂತ ಮೇಲೆ ಹೋಗಬಾರದು ಅನ್ನುವ ಇನ್ನೊಂದಿದೆ. ಇವೆರಡರ ನಡುವೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಡಿಸೆಂಬರ್‌ನಲ್ಲಿ ನೀವು ಕೆಳಗಿನದನ್ನು ದಾಟಿದಿರಿ, ಏಪ್ರಿಲ್‌ನಲ್ಲಿ ಮೇಲಿನದನ್ನು.

ಮೊದಲಿಗೆ ಜಗಲಿಯ ವಿಷಯ. ಅದನ್ನು ಓದಿ ನನಗೆ ಎದೆ ಧಸಕ್ಕೆಂದಿತು. ಡಿಕಾಕ್ಷನ್‌ನಲ್ಲಿ ಕಲಸಿದ ಲೈ ನೋಡುವುದಕ್ಕೆ ಡಿಕಾಕ್ಷನ್ನೇ. ಕಾಫಿ ತೋಟದ ಮನೆ, ಚಳಿಗಾಲದ ಬೆಳಿಗ್ಗೆ, ಸ್ಟೀಲ್ ಪಾತ್ರೆಯಲ್ಲಿ ಕಪ್ಪಗಿನ ದ್ರವ! ಯಾರಾದರೂ ಅರೆಗಣ್ಣಲ್ಲಿ ಎದ್ದು ಬಂದು ಹಾಲಿಗೆ ಬೆರೆಸಿಕೊಂಡರೆ ಗತಿ ಏನು? ಒಂದು ಗುಟುಕು ಗಂಟಲು, ಅನ್ನನಾಳವನ್ನು ಸುಟ್ಟುಬಿಡುತ್ತದೆ. ಇನ್ನು ಮುಂದೆ ಲೈ ಮಾಡಿದರೆ ಅಂದೇ ಬಳಸಿ. ಇಡಲೇಬೇಕಾದರೆ ಅಡುಗೆಗೆ ಬಳಸದ, ತಳದಲ್ಲಿ 5 ಅಂತ ಗುರುತಿರುವ ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಬಿಗಿಯಾಗಿ ಮುಚ್ಚಿ, 'ವಿಷ' ಅಂತ ದೊಡ್ಡದಾಗಿ ಬರೆದು, ಬೀಗ ಇರುವ ಕಡೆ ಇಡಿ. ಬೈಯುವುದು ಇಷ್ಟಕ್ಕೆ ಮುಗಿಯಿತು.

ನೀವು ಮಾಡುವ ಈ ವಿಧಾನದ 'ಕೋಲ್ಡ್ ಪ್ರೋಸೆಸ್' ಅನ್ನುವ ಹೆಸರೇ ಎಷ್ಟೋ ಜನರ ದಾರಿ ತಪ್ಪಿಸುತ್ತದೆ. ಒಲೆಯ ಮೇಲಿಟ್ಟು ಬೇಯಿಸುವುದಿಲ್ಲ ಅನ್ನುವುದಷ್ಟೇ ಅದರ ಅರ್ಥ. ಎಲ್ಲವೂ ತಣ್ಣಗಿರಬೇಕು ಅಂತಲ್ಲ. ಬಿಸಿ ಅದರೊಳಗೇ ಹುಟ್ಟುತ್ತದೆ, ಅದೂ ಎರಡು ಸಲ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದಾಗ ಮೊದಲನೆಯದು. ನಿಮ್ಮ ಅಳತೆಯಲ್ಲಿ ಲೈ ಒಂದೆರಡು ನಿಮಿಷದಲ್ಲೇ 90 ಡಿಗ್ರಿ ಆಸುಪಾಸಿಗೆ ಏರುತ್ತದೆ. ಡಿಕಾಕ್ಷನ್ ಪೂರ್ತಿ ಆರಿರಬೇಕು, ಯಾವಾಗಲೂ ಸೋಡಾವನ್ನೇ ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಬಾರದು ಅನ್ನುವುದೆಲ್ಲ ಇದಕ್ಕೇ. ಎರಡನೆಯದು ಲೈ ಎಣ್ಣೆಯನ್ನು ಸೋಪಾಗಿ ಬದಲಿಸುವಾಗ ನಿಧಾನವಾಗಿ, ಗಂಟೆಗಟ್ಟಲೆ ಹುಟ್ಟುವ ಬಿಸಿ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಆವಿ ಬರುತ್ತದೆ, ಎಲ್ಲರೂ ಹೆದರುತ್ತಾರೆ. ಎರಡನೆಯದು ಮೋಲ್ಡಿಗೆ ಸುರಿದು 'ಅಬ್ಬ, ಮುಗಿಯಿತು' ಅಂತ ಕೈ ತೊಳೆದ ಮೇಲೆ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಉಕ್ಕಿಸಿದ್ದು ಅದೇ.

ಎರಡೂ ಒಂದೇ ಡಿಗ್ರಿ ಇರಬೇಕಾ? ಬೇಕಿಲ್ಲ. ಎರಡೂ ಸಮ ಇರಬೇಕು, ಹೆಚ್ಚೆಂದರೆ ಐದು ಡಿಗ್ರಿ ವ್ಯತ್ಯಾಸ ಇರಬಹುದು ಅಂತ ನಾನೂ ಮೊದಮೊದಲು ಲೈಯನ್ನು ತಣ್ಣೀರಿನಲ್ಲಿಟ್ಟು, ಎಣ್ಣೆಯನ್ನು ಮತ್ತೆ ಒಲೆಗಿಟ್ಟು, ಎರಡು ಥರ್ಮಾಮೀಟರ್ ಹಿಡಿದು ಅಡುಗೆಮನೆ ತುಂಬ ಓಡಾಡಿದ್ದೇನೆ. ಸಾಬೂನಿನ ರಸಾಯನಶಾಸ್ತ್ರಕ್ಕೆ ಆ ಸಮಾನತೆ ಬೇಕಿಲ್ಲ. ಎರಡೂ ಸೇರಿದ ಮೇಲೆ ಮಿಶ್ರಣ ಎಷ್ಟಕ್ಕೆ ಬಂದು ನಿಲ್ಲುತ್ತದೆ ಅನ್ನುವುದು ಮುಖ್ಯ.

ಇಲ್ಲೊಂದು ಲೆಕ್ಕ ಇದೆ, ಗಮನಿಸಿ. ನಿಮ್ಮ ಎಣ್ಣೆ 1000 ಗ್ರಾಂ, ಲೈ 446 ಗ್ರಾಂ. ತೂಕ ನೋಡಿದರೆ ಲೈ ಅರ್ಧಕ್ಕಿಂತ ಕಡಿಮೆ. ಆದರೆ ಅದರ ಬಹುಪಾಲು ನೀರು, ನೀರು ಎಣ್ಣೆಗಿಂತ ಸುಮಾರು ಎರಡು ಪಟ್ಟು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ 446 ಗ್ರಾಂ ಲೈ, ಬಿಸಿಯ ಲೆಕ್ಕದಲ್ಲಿ ಮುಕ್ಕಾಲು ಕಿಲೋಗಿಂತ ಹೆಚ್ಚು ಎಣ್ಣೆಗೆ ಸಮ. 38ರ ಎಣ್ಣೆಗೆ 16ರ ಲೈ ಸುರಿದಾಗ ಮಿಶ್ರಣ 28ರ ಹತ್ತಿರಕ್ಕೆ ಕುಸಿದಿರುತ್ತದೆ. ತಣ್ಣಗಿನ ಸ್ಟೀಲ್ ಪಾತ್ರೆ, ಬ್ಲೆಂಡರ್ ಕಡ್ಡಿ ಇನ್ನೊಂಚೂರು ಎಳೆದಿರುತ್ತವೆ. ನೀವು ಥರ್ಮಾಮೀಟರ್ ಇಟ್ಟಿದ್ದು ಸೇರಿಸುವ ಮೊದಲು. ಸೇರಿಸಿದ ಮೇಲೆ ಇನ್ನೊಮ್ಮೆ ಇಟ್ಟಿದ್ದರೆ ಆಗಲೇ ಗೊತ್ತಾಗುತ್ತಿತ್ತು.

28ರಲ್ಲಿ ಏನಾಯಿತು? ಕೊಬ್ಬರಿ ಎಣ್ಣೆ ಹೆರೆಗಟ್ಟುವುದು 24-25ರ ಹತ್ತಿರ, ಅದು ಅಂಚಿನಲ್ಲಿ ಬಚಾವಾಯಿತು. ಮುರುಗಲು ತುಪ್ಪ ಕರಗುವುದೇ 40ರ ಆಸುಪಾಸಿನಲ್ಲಿ. ಕಾಲಿನ ಬಿರುಕಿಗೆ ಅಜ್ಜಿಯಂದಿರು ಹಚ್ಚುತ್ತಿದ್ದ ಆ ಉಂಡೆ ಕಲ್ಲಿನಂತಿರುತ್ತಿತ್ತಲ್ಲ, ಅಂಥ ತುಪ್ಪ. ಬೇರೆ ಎಣ್ಣೆಯಲ್ಲಿ ಕರಗಿದ್ದಾಗ ಇನ್ನೊಂಚೂರು ಕೆಳಗಿನವರೆಗೆ ತಾಳಿಕೊಳ್ಳುತ್ತದೆ, ನಿಜ. ಹಾಗಂತ 28ಕ್ಕೆ ತಾಳುವುದಿಲ್ಲ. ನೀವು ಬ್ಲೆಂಡರ್ ಆಡಿಸುತ್ತಿದ್ದಾಗ ತುಪ್ಪ ಸಣ್ಣ ಸಣ್ಣ ಕಣವಾಗಿ ಹೆರೆಗಟ್ಟಿ ಇಡೀ ಮಿಶ್ರಣವನ್ನು ಮಂದ ಮಾಡಿತು. ನೋಡಿದವರಿಗೆ ಟ್ರೇಸ್ (ಎಣ್ಣೆ, ಲೈ ಒಂದಾಗಿ ಸೋಪಾಗಲು ಶುರುವಾಗಿ ಮಿಶ್ರಣ ಮಂದವಾಗುವ ಹದ) ಬಂತು ಅನಿಸುತ್ತದೆ. ಆದರೆ ಸೋಪಾಗಿದ್ದರಿಂದ ಗಟ್ಟಿಯಾದದ್ದಲ್ಲ, ತಣ್ಣಗಾಗಿ ಗಟ್ಟಿಯಾದದ್ದು. ಇದಕ್ಕೆ ಸುಳ್ಳು ಟ್ರೇಸ್ ಅನ್ನುತ್ತೇವೆ. ಮೋಲ್ಡಿಗೆ ಹೋದ ಮೇಲೆ ಒಳಗಿನ ಬಿಸಿ ನಿಧಾನಕ್ಕೆ ಏರಿ ತುಪ್ಪ ಮತ್ತೆ ಕರಗಿದೆ. ಸರಿಯಾಗಿ ಬೆರೆಯದ ಎಣ್ಣೆ ಮೇಲಕ್ಕೆ, ಲೈ ತಳಕ್ಕೆ. ಆ 'ನೀರು' ನೀರಲ್ಲ, ಲೈ. ಬರಿಗೈಯಲ್ಲಿ ಮುಟ್ಟಬೇಡಿ.

ಸುಳ್ಳು ಟ್ರೇಸ್ ಹೌದೋ ಅಲ್ಲವೋ ತಿಳಿಯಲು ಸುಲಭದ ದಾರಿ ಇದೆ. ಗಟ್ಟಿಯಾದ ಕೂಡಲೇ ಪಾತ್ರೆಯನ್ನು ಬಿಸಿನೀರಿನ ತಟ್ಟೆಯಲ್ಲಿ ಎರಡು ನಿಮಿಷ ಇಟ್ಟು ತಿರುವಿ. ನಿಜವಾದ ಟ್ರೇಸ್ ಆಗಿದ್ದರೆ ಗಟ್ಟಿಯಾಗೇ ಇರುತ್ತದೆ, ಸುಳ್ಳಾಗಿದ್ದರೆ ಮತ್ತೆ ತೆಳ್ಳಗಾಗುತ್ತದೆ. ತೆಳ್ಳಗಾದರೆ ಗಾಬರಿ ಬೇಡ, ಬ್ಲೆಂಡರ್ ಮುಂದುವರಿಸಿ. ಬ್ಯಾಚ್ ಅಲ್ಲೇ ಉಳಿಯುತ್ತದೆ.

ಈಗ ಕೆಳಗಿನ ಮಿತಿಯನ್ನು ಹುಡುಕುವ ಬಗೆ. ಇದನ್ನು ಯಾವ ಪುಸ್ತಕವೂ ನಿಮಗೆ ಹೇಳಲಾರದು, ನಿಮ್ಮ ಎಣ್ಣೆಯೇ ಹೇಳಬೇಕು. ನಾಲ್ಕೂ ಎಣ್ಣೆಯನ್ನು ನಿಮ್ಮ ಅಳತೆಯ ಪ್ರಮಾಣದಲ್ಲೇ ಒಂದು ಗಾಜಿನ ಲೋಟದಲ್ಲಿ ಬೆರೆಸಿ, 60 ಡಿಗ್ರಿಗೆ ಕಾಯಿಸಿ, ಪೂರ್ತಿ ತಿಳಿಯಾಗಲಿ. ಆಮೇಲೆ ಕಿಟಕಿ ಪಕ್ಕ ಇಟ್ಟು ಆಗಾಗ ತಿರುವುತ್ತ ನೋಡುತ್ತಿರಿ. ಲೋಟದ ಹಿಂದೆ ಇಟ್ಟ ಅಕ್ಷರ ಮಸುಕಾಗಲು ಶುರುವಾದ ಕ್ಷಣದ ಡಿಗ್ರಿ ಬರೆದುಕೊಳ್ಳಿ. ಅದು ನಿಮ್ಮ ಮಬ್ಬಿನ ಗುರುತು. ಮಿಶ್ರಣ ಯಾವತ್ತೂ ಅದಕ್ಕಿಂತ ಐದು ಡಿಗ್ರಿ ಮೇಲೇ ಇರಲಿ. ಎಣ್ಣೆ ಬದಲಿಸಿದರೆ ಮತ್ತೆ ನೋಡಬೇಕು. ಸಣ್ಣ ಕೆಲಸ, ಆದರೆ ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಇದನ್ನು ಬಿಟ್ಟು ನೇರ ಬ್ಲೆಂಡರ್‌ಗೆ ಕೈ ಹಾಕುತ್ತಾರೆ.

ಚಳಿಗಾಲದ ಇನ್ನೊಂದು ಮೋಸ: ಅರ್ಧ ಹೆರೆಗಟ್ಟಿದ ಕ್ಯಾನಿನಿಂದ ಕೊಬ್ಬರಿ ಎಣ್ಣೆ ಬಗ್ಗಿಸಿದರೆ ತಿಳಿ ಮಾತ್ರ ಬರುತ್ತದೆ, ಗಟ್ಟಿ ಅಂಶ ತಳದಲ್ಲಿ ಉಳಿಯುತ್ತದೆ. ಹಾಗೆ ತೂಗಿದ್ದು ಕ್ಯಾನಿನಲ್ಲಿದ್ದ ಅದೇ ಎಣ್ಣೆ ಆಗುವುದಿಲ್ಲ. ಕ್ಯಾನನ್ನೇ ಹಂಡೆಯ ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಪೂರ್ತಿ ಕರಗಿಸಿ, ಅಲ್ಲಾಡಿಸಿ, ಆಮೇಲೆ ತೂಗಿ.

ಇನ್ನು ಏಪ್ರಿಲ್‌ಗೆ ಬರೋಣ. ಆವತ್ತು ನಾಲ್ಕು ಬಿಸಿ ಒಟ್ಟಿಗೆ ಸೇರಿದವು. ಶುರುವೇ 50. ಹೊರಗಿನ ಬೇಸಿಗೆ. ಮೇಲೆ ಕಂಬಳಿ, ಅದರ ಮೇಲೆ ರಟ್ಟಿನ ಪೆಟ್ಟಿಗೆ. ಒಳಗೆ ಜೇನು. ಲೈಗೆ ಸಕ್ಕರೆ ಸಿಕ್ಕರೆ ಉರಿವ ಒಲೆಗೆ ತುಪ್ಪ ಸುರಿದ ಹಾಗೆ. ಜೇನು, ಬೆಲ್ಲ, ಹಾಲು, ಎಳನೀರು, ಬಾಳೆಹಣ್ಣು ಎಲ್ಲವೂ ಇದೇ ಜಾತಿ. ನಿಮ್ಮ ಡಿಕಾಕ್ಷನ್ ಚಿಕೋರಿ ಬೆರೆತ ಪುಡಿಯದ್ದಾಗಿದ್ದರೆ ಅದೂ ಈ ಪಟ್ಟಿಗೆ ಸೇರುತ್ತದೆ, ಹುರಿದ ಚಿಕೋರಿಯಲ್ಲಿ ಸಕ್ಕರೆಯಂಶ ಇದೆ. ಸೋಪಿಗೆ ಚಿಕೋರಿ ಇಲ್ಲದ ಪುಡಿ ಬಳಸಿ, ತೋಟದವರಿಗೆ ಅದೇನು ಕಷ್ಟ! (ಕಾಫಿಯ ಘಮ ಉಳಿಯುತ್ತದೆ ಅಂತ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಲೈಗೆ ಬಿದ್ದ ಡಿಕಾಕ್ಷನ್ ಮೂಗು ಮುಚ್ಚಿಕೊಳ್ಳುವ ವಾಸನೆ ಹೊಡೆಯುತ್ತದೆ, ಕೊನೆಗೆ ಉಳಿಯುವುದು ಬಣ್ಣ ಮಾತ್ರ.) ಲವಂಗದ ಎಣ್ಣೆ, ದಾಲ್ಚಿನ್ನಿ ಎಣ್ಣೆ ಹಾಕುವ ಯೋಚನೆ ಇದ್ದರೆ ಅವೂ ಬೇಗ ಗಟ್ಟಿ ಮಾಡಿ ಬಿಸಿ ಏರಿಸುವಂಥವು.

ಬಿಸಿ ಏರುತ್ತ ಹೋದಾಗ ಸೋಪು ಒಂದು ಹಂತದಲ್ಲಿ ಬಣ್ಣ ತಿರುಗುತ್ತದೆ. ಒಲೆಯ ಮೇಲೆ ಹಾಲುಬಾಯಿ ತಿರುವುವಾಗ ಬಿಳಿ ಹೋಗಿ ಗಾಜಿನ ಹೊಳಪು ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಮೊದಲು ನಡುವಿನಲ್ಲಿ, ಆಮೇಲೆ ಅಂಚಿನ ಕಡೆಗೆ. ಇದಕ್ಕೆ ಜೆಲ್ ಫೇಸ್ ಅನ್ನುತ್ತಾರೆ. ಸಾಮಾನ್ಯವಾಗಿ 65ರಿಂದ 80 ಡಿಗ್ರಿ ನಡುವೆ ಆಗುತ್ತದೆ, ನೀರು ಹೆಚ್ಚಿದ್ದಷ್ಟೂ ಬೇಗ. ಜೆಲ್ ಆಗದಿದ್ದರೆ ಅದು ಸೋಪೇ ಅಲ್ಲ ಅನ್ನುವವರಿದ್ದಾರೆ, ಜೆಲ್ ಆದರೆ ಎಣ್ಣೆಯ ಗುಣವೆಲ್ಲ ಹೋಯಿತು ಅನ್ನುವವರೂ ಇದ್ದಾರೆ. ಎರಡೂ ಸುಳ್ಳು. ಜೆಲ್ ಆದದ್ದು ಬಣ್ಣದಲ್ಲಿ ಗಾಢ, ಬೇಗ ಗಟ್ಟಿ. ಆಗದ್ದು ಬಿಳಿಚು, ನುಣುಪು, ಮೋಲ್ಡಿನಿಂದ ಬಿಡಿಸಲು ಎರಡು ದಿನ ಹೆಚ್ಚು. ಮೈಗೆ ಹಚ್ಚಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅರ್ಧ ಆಗಿ ಅರ್ಧ ಬಿಟ್ಟರೆ ಕತ್ತರಿಸಿದಾಗ ನಡುವೆ ಕಪ್ಪು ವೃತ್ತ ಕಾಣುತ್ತದೆ. ನೋಟಕ್ಕೆ ಬೇಸರ ಅನ್ನುವುದು ಬಿಟ್ಟರೆ ಅದರಿಂದ ತೊಂದರೆ ಇಲ್ಲ.

ತೊಂದರೆ ಇರುವುದು ಜೆಲ್ ದಾಟಿ ಮೇಲೆ ಹೋದಾಗ. ನಡುಭಾಗ ಹಿಗ್ಗಿ, ತಣ್ಣಗಿರುವ ಮೇಲ್ಪದರ ಸೀಳಿ, ಕರಗಿದ ಸೋಪು, ಎಣ್ಣೆ ಉಕ್ಕುತ್ತದೆ. ನನಗೂ ಆಗಿದೆ. ಹಾಸನದಲ್ಲಿ ಒಂದು ಮೇ ಮಧ್ಯಾಹ್ನ ಜೇನಿನ ಸೋಪು ಸುರಿದು, ಟವೆಲ್ ಹೊದಿಸಿ ಊಟಕ್ಕೆ ಕೂತಿದ್ದೆ. ಸುಂಯ್ ಅಂತ ಸದ್ದು. ಬಂದು ನೋಡಿದರೆ ಮರದ ಮೋಲ್ಡಿನಿಂದ ಕಂದು ಲಾವಾ ಇಳಿದು, ಕೆಳಗಿಟ್ಟಿದ್ದ ಅಲ್ಯೂಮಿನಿಯಂ ತಟ್ಟೆಯಲ್ಲಿ ನೊರೆ ಕಾರುತ್ತಿದೆ, ತಟ್ಟೆ ಕಪ್ಪಗಾಗುತ್ತಿದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ, ಹೈಡ್ರೋಜನ್ ಅನಿಲ ಬಿಡುತ್ತದೆ. ಪಕ್ಕದಲ್ಲೇ ಗ್ಯಾಸ್ ಒಲೆ ಇತ್ತು, ಪುಣ್ಯಕ್ಕೆ ಹಚ್ಚಿರಲಿಲ್ಲ. ಅಂದಿನಿಂದ ಮೋಲ್ಡಿನ ಕೆಳಗೆ ಸ್ಟೀಲ್ ತಟ್ಟೆಯೇ, ಮೊದಲ ಮೂರು ಗಂಟೆ ಕಣ್ಣಳತೆಯಲ್ಲೇ. ಉಬ್ಬುವುದು ಕಂಡರೆ ಹೊದಿಕೆ ತೆಗೆದು ಫ್ಯಾನ್ ಹಾಕಿ. ಉಕ್ಕಿಯೇ ಬಿಟ್ಟರೆ ಗ್ಲೌಸು, ಕನ್ನಡಕ ಹಾಕಿಕೊಂಡು ಚಮಚದಲ್ಲಿ ಒಳಗೆ ತಳ್ಳಿ. ಮೈಗೆ ಸಿಡಿದರೆ ವಿನೆಗರ್, ನಿಂಬೆರಸ ಅಂತ ಹುಡುಕಬೇಡಿ, ನಲ್ಲಿ ಕೆಳಗೆ ಹಿಡಿದು ಹದಿನೈದಿಪ್ಪತ್ತು ನಿಮಿಷ ನೀರು ಬಿಡಿ. ಕಣ್ಣಾದರೆ ಹಾಗೇ ನೀರಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ.

ಥರ್ಮಾಮೀಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಸದು ತಂದು ಕುದಿಯುವ ನೀರಿಗೆ ಅದ್ದಿ, 100 ತೋರಿಸಲಿಲ್ಲ, 96-97ಕ್ಕೇ ನಿಂತಿತು ಅಂತ ನಾನೊಂದನ್ನು ಅಂಗಡಿಗೆ ವಾಪಸ್ ಕೊಟ್ಟು ಜಗಳ ಆಡಿದ್ದೆ. ತಪ್ಪು ನನ್ನದೇ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಹಾಸನವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಸುಮಾರು 300 ಮೀಟರ್ ಏರಿದಂತೆ ಒಂದು ಡಿಗ್ರಿ ಕಡಿಮೆಗೇ ನೀರು ಕುದಿಯುತ್ತದೆ. ನಿಮ್ಮೂರಲ್ಲೂ 97ರ ಹತ್ತಿರ ತೋರಿಸಿದರೆ ಯಂತ್ರ ಸರಿ ಇದೆ ಅಂತಲೇ ಅರ್ಥ. ದೂರದಿಂದ ಕೆಂಪು ಚುಕ್ಕೆ ಬಿಡುವ ಗನ್ ಸೋಪಿಗೆ ನಂಬಿಕಸ್ಥ ಅಲ್ಲ, ಅದು ಮೇಲ್ಮೈ ಮಾತ್ರ ನೋಡುತ್ತದೆ, ಹೊಳೆಯುವ ಸ್ಟೀಲಿಗೆ ತಾಗಿದರೆ ಸುಳ್ಳೇ ಹೇಳುತ್ತದೆ. ಸ್ಟೀಲ್ ಕಡ್ಡಿಯ ಡಿಜಿಟಲ್ ತೆಗೆದುಕೊಳ್ಳಿ, ಅದರಲ್ಲಿ ತಿರುವಿ ಅಳೆಯಿರಿ.

ಮುಂದಿನ ಬ್ಯಾಚಿಗೆ ನಿಮ್ಮ ಮುಂದೆ ಮೂರು ದಾರಿ. ಮುರುಗಲು ತುಪ್ಪ, ಜೇನು ಎರಡೂ ಬೇಕೇಬೇಕು ಅಂದರೆ ನಡುದಾರಿ ಹಿಡಿಯಿರಿ: ಚಳಿಯಲ್ಲಿ ಎಣ್ಣೆ 48, ಲೈ 35, ಮಿಶ್ರಣ 42ರ ಸುತ್ತ ಬರುತ್ತದೆ. ಮೋಲ್ಡಿನ ಮೇಲೆ ರಟ್ಟು ಮುಚ್ಚಿ, ಕಂಬಳಿ ಬೇಡ. ಬೇಸಿಗೆಯಲ್ಲಿ ಎಣ್ಣೆ 42, ಲೈ 30 ಸಾಕು, ಮಬ್ಬಿನ ಗುರುತಿಗಿಂತ ಮೇಲಿದೆಯಾ ನೋಡಿಕೊಳ್ಳಿ, ಹೊದಿಕೆ ಏನೂ ಬೇಡ. ಜೇನು ಎರಡು ಚಮಚದಿಂದ ಒಂದಕ್ಕೆ ಇಳಿಸಿ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ.

ಜೇನು ಬಿಟ್ಟರೆ ಬೆಚ್ಚಗಿನ ದಾರಿ ತೆರೆಯುತ್ತದೆ. 45-50ರಲ್ಲಿ ಸೇರಿಸಿ, ಕಂಬಳಿ ಹೊದಿಸಿ, ಪೂರ್ತಿ ಜೆಲ್ ಆಗಲು ಬಿಡಬಹುದು. ಚಳಿಗಾಲಕ್ಕೆ ಬಹಳ ಚೆನ್ನ, ಮರುದಿನವೇ ಕತ್ತರಿಸಬಹುದು. ಅಪಾಯ ಅಂದರೆ ಟ್ರೇಸ್ ಬೇಗ ಬರುತ್ತದೆ, ಕೈ ಚುರುಕಾಗಿರಬೇಕು. ಮೂರನೆಯದು ತಣ್ಣನೆಯ ದಾರಿ, ಅದಕ್ಕೆ ಮುರುಗಲು ತುಪ್ಪ ಬಿಡಬೇಕು, ಸೋಡಾ ಮತ್ತೆ ಲೆಕ್ಕ ಹಾಕಬೇಕು. ಫ್ರಿಜ್ ಬೇಕಾಗುವುದು ಇಲ್ಲಿಯೇ, ಹಾಲಿನ ಸೋಪಿಗೆ ಮುಖ್ಯವಾಗಿ. ಮಾಮೂಲಿ ಸೋಪನ್ನು ಡಿಸೆಂಬರ್‌ನ ಮೂಡಿಗೆರೆಯಲ್ಲಿ ಫ್ರಿಜ್‌ನಲ್ಲಿಡುವುದಕ್ಕೆ ಕಾರಣವೇ ಕಾಣುವುದಿಲ್ಲ. ತಣ್ಣನೆಯದರಲ್ಲಿ ಮೇಲೆ ಬೂದಿಯಂಥ ಬಿಳಿ ಪುಡಿ ಕೂರುವುದು ಹೆಚ್ಚು. ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿದ ಲೈ ಅದು, ವಾಷಿಂಗ್ ಸೋಡಾ. ಒರೆಸಿದರೆ ಹೋಗುತ್ತದೆ.

ಡಬ್ಬದಲ್ಲಿರುವ ಎರಡು ಬ್ಯಾಚ್ ಈಗ. ಅರಿಶಿನ ಕೆಂಪಾಯಿತು ಅಂತ ಹೆದರಿದ್ದೀರಿ. ಅರಿಶಿನ-ಸುಣ್ಣದ ನೀರು ಓಕುಳಿ ಆಗುವುದೂ ಅದೇ ಕಾರಣಕ್ಕೆ, ಕ್ಷಾರ ತಾಗಿದರೆ ಅರಿಶಿನ ಕೆಂಪು. ಒಳ್ಳೆಯ ಸೋಪೂ ಕ್ಷಾರವೇ. ಅಂಗಡಿಯ ಸೋಪಿನ ನೊರೆ ತಾಗಿಸಿ ನೋಡಿ, ಅದಕ್ಕೂ ಕೆಂಪಾಗುತ್ತದೆ. ಹೆಚ್ಚುವರಿ ಲೈ ಇದೆಯಾ ಅನ್ನುವುದನ್ನು ಅರಿಶಿನ ಹೇಳುವುದಿಲ್ಲ. ಅದಕ್ಕೆ ನಾವು ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ ನಾಲಿಗೆ ತುದಿಗೆ ತಾಗಿಸುತ್ತೇವೆ. ಸಣ್ಣ ಬ್ಯಾಟರಿಗೆ ನಾಲಿಗೆ ತಾಗಿಸಿದ ಹಾಗೆ ಜುಮ್ಮೆಂದರೆ ಲೈ ಉಳಿದಿದೆ, ಸೋಪಿನ ರುಚಿ ಮಾತ್ರ ಬಂದರೆ ಸರಿ. ಏಪ್ರಿಲ್‌ದು ಇಷ್ಟು ತಿಂಗಳು ಒಣಗಿದೆ, ಅದಕ್ಕೆ ಈ ಪರೀಕ್ಷೆ ಮಾಡಿ. ಎರಡು ಮೂರು ಜಾಗದಲ್ಲಿ ನೋಡಿ ಸುಮ್ಮನಿದ್ದರೆ ಬಿರುಕು ಎಷ್ಟೇ ವಿಕಾರವಾಗಿರಲಿ, ಧಾರಾಳವಾಗಿ ಸ್ನಾನಕ್ಕೆ ಬಳಸಿ.

ಡಿಸೆಂಬರ್‌ದಕ್ಕೆ ನಾಲಿಗೆ ತಾಗಿಸಲೇಬೇಡಿ, ಅದರಲ್ಲಿ ಲೈ ಇರುವುದು ಕಣ್ಣಿಗೇ ಕಾಣುತ್ತಿದೆ. ಅದನ್ನು ಬೇಯಿಸಬೇಕು. ಗ್ಲೌಸು ಹಾಕಿ ಸೋಪನ್ನು ತುರಿಯಿರಿ. ತಳದಲ್ಲಿ ಸೇರಿದ ದ್ರವವನ್ನು ಚೆಲ್ಲಬೇಡಿ, ಅದನ್ನು, ಮೇಲಿನ ಎಣ್ಣೆ ಪಸೆಯನ್ನು ಎಲ್ಲವನ್ನೂ ಅದೇ ಪಾತ್ರೆಗೆ ಹಾಕಿ. ಚೆಲ್ಲಿದರೆ ಲೆಕ್ಕ ತಪ್ಪಿ ಎಣ್ಣೆ ಎಣ್ಣೆಯಾಗೇ ಉಳಿಯುತ್ತದೆ. ಮೂರು ಚಮಚ ನೀರು ಸೇರಿಸಿ, ಸ್ಟೀಲ್ ಪಾತ್ರೆಯನ್ನು ನೀರು ತುಂಬಿದ ಇನ್ನೊಂದು ದೊಡ್ಡ ಸ್ಟೀಲ್ ಪಾತ್ರೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ, ಆಗಾಗ ತಿರುವುತ್ತ. ಎಲ್ಲ ಒಂದೇ ಸಮ ಜೆಲ್ ಆಗಿ, ಬಿಳಿ ಗಂಟು ಕಾಣದಾದ ಮೇಲೆ ಮೋಲ್ಡಿಗೆ ಒತ್ತಿ ತುಂಬಿ. ಸುರಿಯಲು ಬರುವುದಿಲ್ಲ, ಉಪ್ಪಿಟ್ಟಿನ ಹಾಗೆ ಚಮಚದಲ್ಲಿ ಒತ್ತಬೇಕು. ಎರಡು ದಿನ ಬಿಟ್ಟು ನಾಲಿಗೆ ಪರೀಕ್ಷೆ. ಪಾಸಾದರೆ ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಿಸಿ. ಮಳೆಗಾಲ ಹಿಡಿಯುವುದರೊಳಗೆ ಒಣಗಿಸಿಕೊಳ್ಳಿ, ಜುಲೈನಲ್ಲಿ ನಿಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ. ನೋಡಲು ಒರಟಾಗಿರುತ್ತದೆ, ತೋಟದಿಂದ ಬಂದವರ ಕೈ ತೊಳೆಯಲು ಬಚ್ಚಲ ಹೊರಗಿಡಿ.